ಒಕ್ಕಣ್ಣ ದೇವರೂ ಎರಡು ಕಾಗೆಯೂ

ಕಳೆದ ಶನಿವಾರ ಸಂಜೆ ನಾನು ದೇವರಾಗಿದ್ದೆ. ನಗುತ್ತಿದ್ದೀರಾ? ನಾನೂ ನಕ್ಕಿದ್ದೆ, ಮೊನ್ನೆ ಬುಧವಾರದವರೆಗೆ.

ನಂಜನಗೂಡಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ, ಜೊತೆಗೆ ನಾಟಕಗಳಿಗೆ ಮೇಕಪ್ ಮಾಡುವ ಚಟವೂ ಇದೆ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತು. (ಚಟ ಅನ್ನುವುದು ನನ್ನ ಹೆಂಡತಿಯ ಮಾತು.) ಟಿ. ನರಸೀಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ಗೆಳೆಯ ಶಿವಮಲ್ಲು ಹೋದ ತಿಂಗಳು ಬಂದ. "ನಾರ್ವೆ ಕಡೆ ಪುರಾಣದ ದೇವ್ರುಗಳ ಮೇಲೆ ಹುಡುಗ್ರತ್ರ ನಾಟ್ಕ ಮಾಡುಸ್ತಿವ್ನಿ ಕಣಯ್ಯ. ಕಿರೀಟ ಇಕ್ಕಿ ನೀಲಿ ಬಳ್ದು ಕಳುಸ್ಬೇಡ. ಸ್ಪೆಷಲ್ ಎಫೆಕ್ಟ್ ಬೇಕು," ಅಂದ.

ಬೇಕಾ? ತಗೋ! ಸೈಬರ್ ಸೆಂಟರಿನಲ್ಲಿ ಕೂತು ಚಿತ್ರಗಳ ಪ್ರಿಂಟ್ ತೆಗೆಸಿದೆ. ಮಾತಿನ ಚಪಲಕ್ಕೆ ತುಟಿ ಹೊಲಿಸಿಕೊಂಡ ಕಿಲಾಡಿ ದೇವರು ಲೋಕಿ. ಕರಿದಾರವನ್ನು ರಬ್ಬರ್ ಹಾಲಿನಲ್ಲಿ ಅದ್ದಿ ಅವನ ಬಾಯಿಗೆ ಹೊಲಿಗೆ ಅಂಟಿಸುವುದೆಂದಾಯಿತು. ಇನ್ನು ದೇವರುಗಳ ಯಜಮಾನ ಓಡಿನ್. ಜ್ಞಾನಕ್ಕಾಗಿ ತನ್ನ ಒಂದು ಕಣ್ಣನ್ನೇ ಕಿತ್ತುಕೊಟ್ಟ ಮುದುಕ. ಹತ್ತಿ, ಟಿಶ್ಯೂ ಪೇಪರ್, ರಬ್ಬರ್ ಹಾಲು ಪದರ ಪದರವಾಗಿ ಹಚ್ಚಿದರೆ ಕಣ್ಣು ಮುಚ್ಚಿಹೋದ ಹಳೇ ಗಾಯ ರೆಡಿ. ಎದೆ ಮುಟ್ಟುವ ಗಡ್ಡ. ಮೈಮೇಲೆ ಕರಿ ಕಂಬಳಿ. ಭುಜಗಳ ಮೇಲೆ ಲೋಕದ ಸುದ್ದಿ ತರುವ ಎರಡು ಕಾಗೆ (ಥರ್ಮೋಕೋಲಿನವು).

ಕಾಗೆ ಅಂದ ಕೂಡಲೇ ನಿಮಗೆ ಹೊಳೆದಿರಬೇಕು. ಓದಿಕೊಂಡ ನಮ್ಮಿಬ್ಬರಿಗೂ ಹೊಳೆಯಲಿಲ್ಲ ನೋಡಿ.

ಕವಲಂದೆ ಪಕ್ಕದ ಹಳ್ಳಿಯೊಂದರ ಸ್ಕೂಲಿನಲ್ಲಿ ಕಾಲೇಜಿನ ಎನ್ನೆಸ್ಸೆಸ್ ಕ್ಯಾಂಪು. ಕೊನೆಯ ದಿನ ನಾಟಕ. ಓಡಿನ್ ಆಗಬೇಕಿದ್ದ ಲೆಕ್ಚರರಿಗೆ ಅವತ್ತೇ ಎರಡೂ ಕಣ್ಣಿಗೆ ಮದ್ರಾಸ್ ಐ! (ಒಂದಕ್ಕೆ ಬಂದಿದ್ದರೆ ಹೇಗೋ ಸುಧಾರಿಸಬಹುದಿತ್ತು.) ಸರಿ, ಬಣ್ಣ ನಾನೇ ಹಚ್ಚಿಕೊಂಡೆ. ಊರಿನ ಮನೆಯೊಂದರಿಂದ ಕೇಳಿ ತಂದ ಕಂಬಳಿ ಹೊದ್ದು, ಅಂಟು ಒಣಗಲೆಂದು ಸ್ಕೂಲಿನ ಹಿಂದೆ ಅಲ್ಲಾಡದೆ ಕೂತಿದ್ದೆ.

ಗುಡಿಗೆ ಹೋಗುವ ಆ ಕಾಲುದಾರಿಯಲ್ಲಿ ಒಬ್ಬ ಹೆಂಗಸು ಎಳ್ಳೆಣ್ಣೆ ದೀಪ ಹಿಡಿದು ಬಂದರು. ನನ್ನನ್ನೇ ನೋಡುತ್ತ ನಿಂತರು.

"ಸಿವನೇ! ಒಂದ್ ಕಣ್ ಮುಚ್ಕಂಡವ್ನೆ! ನಮ್ ಮ್ಯಾಲ್ ಬಿದ್ದಿದ್ ಕಣ್ಣು ಮುಚ್ತು ಕಣಪ್ಪ!" ಅಂದವರೇ ಕಾಲಿಗೆ ಬಿದ್ದುಬಿಟ್ಟರು.

ಕಾಗೆ, ಕರಿ ಕಂಬಳಿ, ಶನಿವಾರ. ನನ್ನ ಓಡಿನ್ ಶನಿಮಹಾತ್ಮನಾಗಿದ್ದ!

"ಅಳೀಮಯ್ಯ ನನ್ ಮಗಳ್ನ ಬುಟ್ಟೋಗಿ ಎರಡ್ ವರ್ಸಾಯ್ತು ಸ್ವಾಮಿ. ಯಾವಾಗ್ ಬತ್ತಾನೆ? ಬಾಯ್ಬುಟ್ಟು ಯೋಳಪ್ಪ."

"ನಾನು ಮೇಕಪ್ಪಿನವನು ಕಣಮ್ಮ" ಅನ್ನಬಹುದಿತ್ತು. ಆದರೆ ಸ್ಕೂಲಿನ ಹಿಂಬಾಗಿಲ ಮರೆಯಲ್ಲಿ ಶಿವಮಲ್ಲು ಮತ್ತವನ ಹುಡುಗರು ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದರು. ನನಗೋ, ಮೇಕಪ್ ಗೆದ್ದಿತೆಂಬ ಕೊಬ್ಬು. ಗಂಟಲು ದಪ್ಪ ಮಾಡಿಕೊಂಡು ಅಂದೆ: "ಬರೋ ಶನಿವಾರ."

ಫೋಟೋ ಯಾವಾಗ ಸಿಗುತ್ತೆ ಅಂತ ಕೇಳುವ ಗಿರಾಕಿಗಳಿಗೆ ಹೇಳಿ ಹೇಳಿ ಅಭ್ಯಾಸವಾದ ಮಾತು. ಅವರು ಶನಿವಾರ ಬಂದು ಬೈದು ಹೋಗುತ್ತಾರೆ. ಈಕೆ ದೀಪವಿಟ್ಟು, ಕಣ್ಣೊರೆಸಿಕೊಂಡು, ನಾಟಕಕ್ಕೂ ನಿಲ್ಲದೆ ಮನೆಗೆ ಹೋದರು. ನಾವು ನಾಟಕ ಮುಗಿಸಿ ವಾಪಸು ಬರುವಾಗ ಜೀಪಿನಲ್ಲಿ ದಾರಿಯುದ್ದಕ್ಕೂ ನಕ್ಕೆವು.

ಬುಧವಾರ ಕಂಬಳಿ ವಾಪಸು ಕೊಡಲು ಹೋದೆ. ಪಕ್ಕದ ಮನೆಯ ಜಗಲಿಯ ಮೇಲೆ ಅದೇ ಹೆಂಗಸು. ಗಡ್ಡವಿಲ್ಲದ, ಎರಡು ಕಣ್ಣಿನ ನನ್ನ ಗುರುತು ಅವರಿಗೆ ಹೇಗೆ ಸಿಗಬೇಕು?

"ಬಿಸ್ಲಲ್ ಬಂದಿದ್ದೀರಿ, ಕೂತ್ಕಳಿ ಸಾ, ಮಜ್ಗೆ ಕುಡೀರಿ," ಅಂದರು. ಅಂಗಳದಲ್ಲಿ ಮಗಳು ಮದುವೆಯ ಸೀರೆಯನ್ನು ಬಿಸಿಲಿಗೆ ಹರವುತ್ತಿದ್ದಳು. ಬಾಗಿಲ ಬಳಿ ಬಟ್ಟೆ ತುಂಬಿದ ಬ್ಯಾಗು.

"ಸನಿಮಾತ್ಮನೇ ಬಾಯ್ಬುಟ್ಟು ಯೋಳವ್ನೆ ಸಾ. ಸನಿವಾರ ನನ್ ಅಳೀಮಯ್ಯ ಬತ್ತಾನೆ. ಇವ್ಳು ಫ್ಯಾಕ್ಟ್ರಿ ಕೆಲ್ಸನೂ ಬುಟ್ಬುಟ್ಲು."

ಮಗಳು ತಲೆ ಎತ್ತದೆ ನಕ್ಕಳು. "ಅವ್ರು ಬಂದಾಗ ನಾನು ಡ್ಯೂಟಿಲಿದ್ರೆ ಚೆಂದಾಗಿರಲ್ಲ, ಅಲ್ವಾ ಸಾ?"

ನಾನೇನು ಹೇಳಿದೆ ಗೊತ್ತೇ? "ಒಳ್ಳೇದಾಗ್ಲಿ" ಅಂದೆ. ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಎದ್ದು ಬಂದೆ. ಥೂ ನನ್ನ ಜನ್ಮಕ್ಕೆ! ಲೋಕಿಗೆ ಹಾಕಿದ ಹೊಲಿಗೆ ನನ್ನ ತುಟಿಗೆ ಹಾಕಬೇಕಿತ್ತು, ಅದೂ ಅಂಟಿನಲ್ಲಲ್ಲ, ಸೂಜಿಯಲ್ಲಿ.

ಆಕೆಯದು ಮೂಢನಂಬಿಕೆ ಅಂತೀರಾ? ಅನ್ನಿ. ಆದರೆ ಆಕೆ ನಂಬಿದ್ದು ಕಾಗೆಯನ್ನಲ್ಲ, ನನ್ನ ಮಾತನ್ನು. ಸೋಮವಾರ ಬನ್ನಿ, ನಾಳೆ ಬನ್ನಿ, ಆಗುತ್ತೆ ಬಿಡಿ ಅಂತ ದಿನಾ ಎಷ್ಟು ಜನರಿಗೆ ಎಷ್ಟು ಸಲೀಸಾಗಿ ಹೇಳುತ್ತೇವೆ ನಾವು! ಹೇಳಿಸಿಕೊಂಡವರು ಮನೆಗೆ ಹೋಗಿ ಏನು ಮಾಡುತ್ತಾರೆಂದು ಎಂದಾದರೂ ನೋಡಿದ್ದೇವೆಯೇ? ನಾನು ನೋಡಿಬಿಟ್ಟೆ.

ಶಿವಮಲ್ಲುಗೆ ಫೋನ್ ಮಾಡಿದೆ. "ಬುಡಯ್ಯ, ನಾಕ್ ದಿನ ಕಳುದ್ರೆ ಮರ್ತೋಯ್ತರೆ," ಅಂದ. ಕೆಲಸ ಬಿಟ್ಟು ಬ್ಯಾಗು ಕಟ್ಟಿಟ್ಟವಳು ಮರೆಯುತ್ತಾಳೆಯೇ?

ಇವತ್ತು ಶುಕ್ರವಾರ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ, ಆ ಹುಡುಗಿ ಸೀರೆ ಉಡುವ ಮೊದಲೇ ನಿಜ ಹೇಳಬೇಕು.

ಮುಖಕ್ಕೆ ಬಣ್ಣ ಹಚ್ಚಿಯೇ ಹೆಸರು ಮಾಡಿದವನು ಕೇಳುತ್ತಿದ್ದೇನೆ, ಯಾವ ಮುಖ ಹೊತ್ತುಕೊಂಡು ಹೋಗಲಿ?