ಪೂರ್ತಿ ವಾಸಿ ಆಗುತ್ತಾ?

ಹೂಟಗಳ್ಳಿಯ ಕಾರ್ಖಾನೆಯಿಂದ ಜಯಲಕ್ಷ್ಮಿಪುರಂನ ನಮ್ಮ ಮನೆ ದೂರವೇನಲ್ಲ. ಆದರೂ ನಮ್ಮ ಯಜಮಾನರು ಸ್ಕೂಟರಿನಲ್ಲಿ ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತಿತ್ತು. ನನಗೆ ಮೊದಲು ಬಂದ ಅನುಮಾನವನ್ನು ಇಲ್ಲಿ ಬರೆಯುವುದಿಲ್ಲ, ಹೆಂಡತಿಯರು ಊಹಿಸಿಕೊಳ್ಳಬಲ್ಲರು.

ಒಂದು ಸಂಜೆ ಅವರ ಹಿಂದೆ ಕೂತು ಬರುವಾಗ ನಿಜ ಗೊತ್ತಾಯಿತು. ಚಕ್ರ ಗುಂಡಿಗಿಳಿದು ಎದ್ದಿತು. ಅವರು ತಟ್ಟನೆ ಗಾಡಿ ತಿರುಗಿಸಿದರು.

"ಯಾರಿಗೋ ಗುದ್ಬುಟ್ಟೆ ಅನ್ಸುತ್ತೆ."

ಹೋಗಿ ನೋಡಿದೆವು. ಗುಂಡಿ ಇತ್ತು, ಅಷ್ಟೇ. ಸ್ವಲ್ಪ ಮುಂದೆ ಬಂದು ಮತ್ತೆ ತಿರುಗಿಸಿದರು. "ಚರಂಡಿ ಒಳಗೆ ನೋಡ್ಲೇ ಇಲ್ಲ ಕಣೇ." ಗಾಡಿ ನಿಲ್ಲಿಸಿ, ಮಂಡಿಯೂರಿ ಚರಂಡಿಯೊಳಗೆ ಇಣುಕಿದರು. ನನ್ನ ನಗು ಅಲ್ಲಿಗೆ ನಿಂತಿತು.

ಕರೆದುಕೊಂಡು ಹೋಗಿ ತೋರಿಸಿದಾಗ ಮನೋರೋಗದ ಡಾಕ್ಟರು ಇದನ್ನು ಗೀಳು ರೋಗ ಎಂದರು. ಕನ್ನಡ ಈ ವಿಷಯದಲ್ಲಿ ತೀರ ಧಾರಾಳಿ: ಇಸ್ಪೀಟೂ ಗೀಳು, ಸೀರೆಯೂ ಗೀಳು. ಆದರೆ ಇಸ್ಪೀಟು ಆಡುವವನಿಗೆ ಸುಖವಾದರೂ ಇದೆ. ಇರುವೆ ಸಾಲು ಕಂಡರೆ ದಾಟಿ ಹೆಜ್ಜೆಯಿಡುವ ಮನುಷ್ಯನಿಗೆ, ತಾನು ಯಾರನ್ನೋ ಕೊಂದೆನೆಂಬ ಭಯ ಅಂಟಿಕೊಂಡರೆ ಅದರಲ್ಲಿ ಯಾವ ಸುಖ?

ಮಾತ್ರೆ ಕೊಟ್ಟರು. ಜೊತೆಗೊಂದು ಅಭ್ಯಾಸ: ಎಷ್ಟೇ ಭಯವಾದರೂ ಗಾಡಿ ತಿರುಗಿಸಬಾರದು. ಮೊದಮೊದಲು ಅವರು ಬಂದು ಹೆಲ್ಮೆಟ್ಟೂ ತೆಗೆಯದೆ ಕೂತುಬಿಡುತ್ತಿದ್ದರು. "ಯಾರ್ಗೂ ಏನೂ ಆಗಿಲ್ಲ ತಾನೇ?" ಎಂದು ಕೇಳುತ್ತಿದ್ದರು. "ಇಲ್ಲ" ಎಂದು ಸಮಾಧಾನ ಹೇಳಬಾರದೆಂದು ನನಗೂ ಕಟ್ಟಪ್ಪಣೆಯಾಗಿತ್ತು; ಹೇಳಿದಷ್ಟೂ ಭಯ ಬೇರು ಬಿಡುತ್ತದಂತೆ. ಕಟ್ಟಿಕೊಂಡವರು ಬೆವರುತ್ತ ಕೂತಿರುವಾಗ ಸುಮ್ಮನೆ ಕಾಫಿ ಲೋಟ ಕೈಗಿಡುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

ತಿಂಗಳುಗಳು ಕಳೆದವು. ಅವರು ಬೆಳಕಿರುವಾಗಲೇ ಮನೆಗೆ ಬರತೊಡಗಿದರು. ಮುಂದಿನ ಸಲ ಇಬ್ಬರೂ ಡಾಕ್ಟರ ಹತ್ತಿರ ಹೋದಾಗ ನನಗೆ ಕುತೂಹಲ ತಡೆಯಲಾಗಲಿಲ್ಲ.

"ಪೂರ್ತಿ ವಾಸಿ ಆಗುತ್ತಾ ಡಾಕ್ಟ್ರೇ?"

"ಕೆಲವ್ರಿಗೆ ಪೂರ್ತಿ ಹೋಗುತ್ತೆ ಕಣಮ್ಮ. ಬಹಳ ಜನಕ್ಕೆ ಕಮ್ಮಿಯಾಗಿ ಜೀವನ ಸಲೀಸಾಗುತ್ತೆ. ಕಷ್ಟ ಬಂದಾಗ ಮತ್ತೆ ತಲೆ ಎತ್ತಬಹುದು. ಎತ್ತಿದ್ರೆ ಏನ್ಮಾಡ್ಬೇಕು ಅಂತ ಇವ್ರಿಗೀಗ ಗೊತ್ತು."

"ಇನ್ನು ಬರೋದೇ ಇಲ್ಲ ಅಂತ ಖಾತ್ರಿಯಾಗಿ ಹೇಳ್ಬುಡಿ."

"ಖಾತ್ರಿ ಬೇಕೇ ಬೇಕು ಅನ್ನೋದೇ ಅಲ್ವೇನಮ್ಮ ಈ ಕಾಯಿಲೆ?"

ಆ ಕೋಣೆಯಲ್ಲಿ ನಮ್ಮ ಯಜಮಾನರು ನಕ್ಕಿದ್ದು ಅದೇ ಮೊದಲು.

ಮೊನ್ನೆ ಕೆಸರೆಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೊರಟಿದ್ದೆವು. ಗಾಡಿ ಧಡಕ್ಕೆಂದು ಕುಲುಕಿತು. ಅವರ ಬೆನ್ನು ಬಿಗಿಯಾದದ್ದು ಹಿಂದೆ ಕೂತ ನನಗೆ ತಿಳಿಯಿತು.

"ಬಂತಾ?"

"ಬಂತು."

"ತಿರುಗಿಸ್ತೀರಾ?"

"ಬ್ಯಾಡ. ಮೊದಲ್ನೇ ಪಂಕ್ತಿ ತಪ್ಪೋಗುತ್ತೆ ಕಣೇ."

ಗಾಡಿ ಮುಂದೆ ಸಾಗಿತು. ಕತ್ತು ಹೊರಳಿಸಿ ಹಿಂದೆ ನೋಡಿದವಳು ನಾನು.