ಕಾಡಪ್ಪ ಕೆರೆದ ನಲವತ್ತೊಂದು

ಪುಣೆಯ ಸದಾಶಿವ ಪೇಠೆಯಲ್ಲಿ ಮೋಟಾರಿಗೆ ನಂಬರು ಬರೆಯುವ ಕಾಡಪ್ಪನೆಂದರೆ ಮಹಾ ಮೊಂಡ. ಅವಸರ ಮಾಡಿದವರಿಗೆ "ಹಂಗಾದ್ರ ನೀವ ಬರಕೋರಿ" ಎಂದು ಕುಂಚವನ್ನೇ ಕೈಗಿಟ್ಟುಬಿಡುತ್ತಿದ್ದ. ಆದರೆ ಕೆಲಸ ಅಂದರೆ ಕೆಲಸ! ದಾರ ಹಿಡಿಯದೆ, ಗೆರೆ ಹಾಕದೆ ಬರೆದರೂ ಒಂದು ಅಂಕಿಯೂ ಸೊಟ್ಟಗಾಗುತ್ತಿರಲಿಲ್ಲ.

ಸಂಸ್ಥಾನಗಳಿಂದ ಬರುವ ಗಾಡಿಗಳೇ ಅವನ ಅನ್ನ. ಜಮಖಂಡಿ, ಸಾಂಗಲಿ, ಮಿರಜಗಳಲ್ಲಿ ರಾಜರದೇ ನಂಬರು, ರಾಜರದೇ ತೆರಿಗೆ. ಪುಣೆ ಇಂಗ್ರೇಜಿ ಸರಕಾರದ ಊರು. ಅಲ್ಲಿ ಕಟ್ಟಿದ್ದು ಇಲ್ಲಿ ನಡೆಯದು. ಇಲ್ಲೇ ಉಳಿಯುವ ಗಾಡಿ ಮತ್ತೆ ತೆರಿಗೆ ಕಟ್ಟಿ, ಹೊಸ ನಂಬರು ಬರೆಸಿಕೊಂಡು, ಮೋಟಾರು ಕಚೇರಿಯ ಸಾಹೇಬರ ಮುಂದೆ ಪಾಸಾಗಬೇಕು. ಕಾಡಪ್ಪ ಹಳೆಯ ನಂಬರನ್ನು ಚಾಕುವಿನಿಂದ ಕೆರೆದು, ಸೀಮೆಎಣ್ಣೆಯ ಅರಿವೆಯಿಂದ ಒರೆಸಿ, ಕೊನೆಗೆ ಆ ನಂಬರಿಗೆ "ಹೋಗಿ ಬಾ" ಎನ್ನುತ್ತಿದ್ದ. ನಮ್ಮ ಕಡೆ ಹೊರಟವರಿಗೆ ಬರೀ 'ಹೋಗು' ಅನ್ನುವುದುಂಟೇ? ಅಪಶಕುನ! ಇಪ್ಪತ್ತು ವರ್ಷ ಹೀಗೇ ಹೇಳಿದ, ಒಂದು ನಂಬರೂ ತಿರುಗಿ ಬಂದಿರಲಿಲ್ಲ.

೧೯೪೧ರ ಜನವರಿಯ ಚಳಿಯಲ್ಲಿ ಶಿವಗಂಗವ್ವ ಎಂಬ ಹೆಣ್ಣುಮಗಳು ಜಮಖಂಡಿಯ ಬಾಡಿಗೆ ಮೋಟಾರೊಂದನ್ನು ಅವನ ಅಂಗಡಿಯ ಮುಂದಿನ ಬೇವಿನ ಮರದಡಿ ತಂದು ನಿಲ್ಲಿಸಿದಳು. ಡ್ರೈವರ ಸುಂದರ ಇಳಿದವನೇ ದೂರ ಹೋಗಿ ನಿಂತ. ಗಾಡಿ ಅವಳ ಗಂಡ ಶಿವರುದ್ರಪ್ಪನದು. ಮೂರು ತಿಂಗಳ ಹಿಂದೆ ಗಾಡಿ ನಡೆಸುತ್ತಿರುವಾಗಲೇ ಎದೆ ಹಿಡಿದುಕೊಂಡು, ಅದೇ ಸೀಟಿನಲ್ಲಿ ಜೀವ ಬಿಟ್ಟಿದ್ದ.

"ಸೋಮವಾರದೊಳಗ ನನ್ನ ಹೆಸರಿಲೆ ಪುಣೆ ನಂಬರು ಪಾಸಾಗಬೇಕ್ರಿ, ಕಾಡಪ್ಪಣ್ಣಾ. ಇಲ್ಲಂದ್ರ ನನ್ನ ಮೈದುನ ಗಾಡಿ ತಿರುಗಿ ಒಯ್ತಾನ. ಅದರ ಹಿಂದ ನನ್ನೂ ಒಯ್ತಾನ. ಅವನ ಮನ್ಯಾಗ ಮುಸುರಿ ತಿಕ್ಕೋತ ಸಾಯಬೇಕಾಗ್ತದ" ಎಂದಳು.

ಅವತ್ತು ಗುರುವಾರ. ಕಾಡಪ್ಪ ನಲವತ್ತೊಂದು ಎಂಬ ಹಳೆಯ ನಂಬರನ್ನು ಕೆರೆದ, ಒರೆಸಿದ, "ಹೋಗಿ ಬಾ" ಅಂದ, ಹೊಸದನ್ನು ಬರೆದ.

ಶುಕ್ರವಾರ ಬೆಳಿಗ್ಗೆ ಮರದಡಿ ನಿಂತಿದ್ದ ಗಾಡಿಯನ್ನು ನೋಡಿದರೆ ಹೊಸ ನಂಬರಿನ ಮೇಲೆ ನಲವತ್ತೊಂದು ಮೂಡಿ ನಿಂತಿತ್ತು. ಬೆರಳಿಟ್ಟರೆ ಬಣ್ಣ ಇನ್ನೂ ಹಸಿ. ಯಾವನೋ ಕಿಡಿಗೇಡಿಯ ಕೆಲಸವೆಂದು ಬೈದುಕೊಂಡು ತಗಡು ಕಾಣುವಷ್ಟು ಕೆರೆದು ಮತ್ತೆ ಬರೆದ. ಶನಿವಾರವೂ ಅದೇ ಗತಿ. ಗಾಡಿಯ ಬಾಗಿಲು ತೆರೆದು ಡ್ರೈವರನ ಸೀಟಿನ ಮೇಲೆ ಕೈಯೂರಿದ. ಊರೆಲ್ಲ ಗಡಗಡ ನಡುಗುವ ಚಳಿಯಲ್ಲಿ ಸೀಟು ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಗೆ.

ರೊಟ್ಟಿ ಬುತ್ತಿ ತಂದ ಹೆಂಡತಿ ಗೌರಾಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು. "ಆ ನಂಬರಿಗೆ ಏನಂದು ಕಳಿಸಿದ್ರಿ?"

"ಯಾವಾಗಲೂ ಅನ್ನೂದ. ಹೋಗಿ ಬಾ ಅಂದೆ."

"ಅಯ್ಯ ಶಿವನ! ಸತ್ತವನ ಗಾಡಿ ಮುಂದ ನಿಂತು ಹಂಗ ಅಂತಾರೇನ್ರಿ? ನೀವು ಬಾ ಅಂದೀರಿ, ಅಂವ ಬಂದಾನ."

ಭಾನುವಾರ ಮಧ್ಯಾಹ್ನ ಶಿವಗಂಗವ್ವ ಸುಂದರನ ಜೊತೆ ಬಂದು ಫಲಕ ನೋಡಿದಳು. ನಾಲ್ಕರ ಬಾಲವನ್ನು ಬೆರಳಿನಿಂದ ಸವರಿದಳು. "ಇದು ನಮ್ಮವರ ಕೈಬರಹ ರೀ. ಜಮಖಂಡ್ಯಾಗ ಅವರ ಬರದಿದ್ರು."

ಕಾಡಪ್ಪ ತಲೆ ತಗ್ಗಿಸಿ ತನ್ನ ತಪ್ಪು ಹೇಳಿದ. ಅವಳು ಬೆರಳಿಗೆ ಹತ್ತಿದ ಬಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

"ಅವರು ತೀರಿಕೊಂಡ ದಿನ ಮುಂಜಾನೆ ನಾನೂ ಹಂಗ ಅಂದಿದ್ದೆ. ಹೋಗಿ ಬರ್ರಿ ಅಂತ."

"ಹಂಗಾದ್ರ ಈಗ ನೀವ ಅವರ್ನ ಬಿಡಸಬೇಕ್ರಿ, ತಂಗೀ. ಬರೀ 'ಹೋಗ್ರಿ' ಅನ್ರಿ."

ಶಿವಗಂಗವ್ವ ಸೀಟಿನ ಮೇಲೆ ಅಂಗೈ ಇಟ್ಟಳು. "ಬೆಚ್ಚಗದ" ಅಂದಳು. ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಇವಳು ಹೇಳಲಾರಳು ಎಂದೇ ಕಾಡಪ್ಪನಿಗೆ ಅನಿಸಿತು. ಆದರೂ ಚಾಕು ತೆಗೆದುಕೊಂಡು ಕೆರೆಯತೊಡಗಿದ. ಕೊನೆಯ ಗೆರೆ ಉದುರಿದಾಗ ಅವಳು ಕೈ ಹಿಂದೆಗೆದಳು.

"ಹೋಗ್ರಿ."

ಅಷ್ಟೇ. ಗಾಡಿಯಲ್ಲಿ ಯಾರೂ ಇರಲಿಲ್ಲ. ಆದರೂ ಡ್ರೈವರನ ಕಡೆಯ ಮಗ್ಗುಲು ಕಿರ್ರೆಂದು ಒಂದು ಬೆರಳಷ್ಟು ಮೇಲೆದ್ದಿತು, ತೂಕದ ಮನುಷ್ಯ ಇಳಿದಾಗ ಏಳುವಂತೆ. ಸುಂದರ ಕೈ ಮುಗಿದ.

ಹಿಂದಿನ ಸಂಜೆ ಬರೆದ ಹೊಸ ನಂಬರು ಸೋಮವಾರ ಇದ್ದಲ್ಲೇ ಇತ್ತು. ಸಾಹೇಬರು ಪಾಸು ಮಾಡಿದರು, ಮೈದುನ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋದ. ಶಿವಗಂಗವ್ವ ಕಚೇರಿಯ ಅಂಗಳದಲ್ಲೇ ಬಾಗಿಲು ತೆಗೆದು ಸೀಟು ಮುಟ್ಟಿದಳು.

"ತಣ್ಣಗಾಗೇದ, ಅಣ್ಣಾ" ಎಂದವಳು ನೆಲಕ್ಕೆ ಕೂತು ಅತ್ತಳು. ಗಂಡ ಸತ್ತ ದಿನವೂ ಹಾಗೆ ಅತ್ತಿರಲಿಲ್ಲವಂತೆ.

ಆಮೇಲೆ ಕಾಡಪ್ಪ ಬಾಯಿ ಮುಚ್ಚಿಕೊಂಡೇ ನಂಬರು ಕೆರೆಯುತ್ತಿದ್ದ. ಹೋಗು ಅಂತಲೂ ಇಲ್ಲ, ಬಾ ಅಂತಲೂ ಇಲ್ಲ. ಆರು ವರ್ಷ ಕಳೆದು, ೧೯೪೭ರ ಮಳೆಗಾಲದಲ್ಲಿ ಗೌರಾಬಾಯಿ ಜ್ವರದಿಂದ ತೀರಿಕೊಂಡಳು. ಅವಳನ್ನು ಎತ್ತುವ ಮುನ್ನ ಕಾಡಪ್ಪ ಮಂದಿಯನ್ನು ಸರಿಸಿ, ಬಗ್ಗಿ, ಅವಳ ಕಿವಿಯ ಹತ್ತಿರ ಎಲ್ಲರಿಗೂ ಕೇಳುವಂತೆ ಹೇಳಿದ.

"ಹೋಗಿ ಬಾ."

ಹಿರಿಯರು ಹೌಹಾರಿದರು. ಪಾಪ, ರೂಢಿಯ ಮಾತು ಬಾಯಿತಪ್ಪಿ ಬಂತೆಂದುಕೊಂಡರು. ಕಾಡಪ್ಪ ಮನೆಗೆ ಹೋಗಿ ಬಾಗಿಲಿನ ಚಿಲಕ ಕಿತ್ತು ಹಾಕಿದ.