ಹುಣಸೆಮರಕ್ಕೆ ಹೇಳಿ ಒಗೆದ ಹಗ್ಗ

ನಮ್ಮ ರಾಯದುರ್ಗ ಇನ್ನೂ ಮದ್ರಾಸಿನ ಕೈಕೆಳಗಿದ್ದ ಕಾಲ. ನಾನು ತಂತಿ ಕಂಬದ ಕೆಲಸದಲ್ಲಿದ್ದೆ. ತಂತಿಗೆ ತಾಗುವ ಕೊಂಬೆ ಕಡಿಯಲು ಮರ ಹತ್ತಬೇಕು. ಸಣ್ಣ ದಾರದ ತುದಿಗೆ ಕಲ್ಲು ಕಟ್ಟಿ ಎತ್ತರದ ಕೊಂಬೆಯ ಆಚೆಗೆ ಎಸೆದು, ಆ ದಾರದಿಂದ ದಪ್ಪ ಹಗ್ಗ ಎಳೆದುಕೊಂಡು ಹತ್ತುತ್ತಿದ್ದೆವು.

ಬೆಳುಗುಪ್ಪದ ಹತ್ತಿರ ಕುರಿ ಕಾಯುವ ಮುದುಕಿಯೊಬ್ಬಳು ಹುಣಸೆಮರದ ಬುಡದಲ್ಲಿ ಕೂತುಬಿಟ್ಟಳು.

"ಮರಕ್ಕ ಹೇಳಿದ್ರೇನ್ರಿ? ಹೇಳದಂಗ ಕಲ್ಲು ಒಗೀಬ್ಯಾಡ್ರಿ."

ಸಂಜೆಯೊಳಗೆ ಕೊಂಬೆ ಇಳಿಸದಿದ್ದರೆ ಮೇಸ್ತ್ರಿ ನನ್ನನ್ನು ಕೆಲಸದಿಂದ ತೆಗೆಯುವವನೇ. ಸರ್ಕಾರಿ ಗತ್ತಿನಲ್ಲಿ, ತೆಲುಗಿನಲ್ಲಿ, ಮರಕ್ಕೆ ಹೇಳಿ ಮುಗಿಸಿದೆ.

"ಸಂತ್ಯಾಗಿನ ಮಾತು ಯಾಕ್ರಿ? ನಿಮ್ಮವ್ವನ ಕೂಡ ಹೆಂಗ ಮಾತಾಡ್ತೀರಿ, ಹಂಗ ಹೇಳ್ರಿ."

ಅವ್ವ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಮರದ ಕಡೆ ತಿರುಗಿದೆ.

"ಯವ್ವಾ, ಹಗ್ಗ ಒಗೀತೀನಿ, ಸ್ವಲ್ಪ ತಡ್ಕೊ" ಅಂದೆ.

"ಒಗಿಯಪ್ಪಾ" ಎಂದು ಮರದ ಪರವಾಗಿ ಮುದುಕಿಯೇ ಹೇಳಿ, ಎದ್ದು ಪಕ್ಕಕ್ಕೆ ಸರಿದಳು.

ಈಗ ಹಿತ್ತಲ ಬೇವಿಗೆ ಬಟ್ಟೆ ಒಣಹಾಕುವ ಹಗ್ಗ ಎಸೆಯುವಾಗಲೂ ಹಾಗೇ ಹೇಳಿ, ಉತ್ತರಕ್ಕೆ ಕಾಯುತ್ತೇನೆ. ಅಡುಗೆಮನೆಯಿಂದ ಹೆಂಡತಿ "ಏನ್ರೀ ಅದು?" ಅನ್ನುತ್ತಾಳೆ. ಅದನ್ನೇ ಒಪ್ಪಿಗೆ ಅಂದುಕೊಂಡು ಎಸೆದುಬಿಡುತ್ತೇನೆ.